ಬೋರಲು ತಂಬಿಗೆ

ಅದು ಎಲ್ಲ ದಿನಗಳಂಥದೇ ಒಂದು ದಿನ. ಪಂಪಣ್ಣ ಅಂಗಳ ಗುಡಿಸಿದ, ಹೊಳೆಯಿಂದ ನೀರು ತಂದ. ಕೋತಿಗಳ ಕಾಟಕ್ಕೆಂದು ಹಿಂದೊಮ್ಮೆ ತಾನೇ ಕೂಡಿಸಿದ್ದ ಅಡುಗೆಮನೆಯ ಚಿಲಕ ಎಳೆದು ಹಾಕಿ, ಪಾಠಕ್ಕೆ ಬಂದು ಕುಳಿತ.

ಹೊಳೆದಂಡೆಯ ಆ ಆಶ್ರಮದಲ್ಲಿ ಅಜ್ಜಾರು ವಚನದ ಜೊತೆಗೆ ಇಂಗ್ಲಿಷನ್ನೂ ಹೇಳಿಕೊಡುತ್ತಿದ್ದರು. ಕಾವಿ ಉಡುವ ಮೊದಲು ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು.

ಅಲ್ಲಿ ಒಂದು ಪದ್ಧತಿ. ಪಾಠಕ್ಕೆ ಕೂತವರ ಮುಂದೆ ಒಂದೊಂದು ಖಾಲಿ ತಂಬಿಗೆ. ಕೇಳುವುದೇನಾದರೂ ಇದ್ದರೆ ಬಾಯಿ ತೆರೆಯುವ ಮೊದಲು ತಂಬಿಗೆಯನ್ನು ಬೋರಲು ಹಾಕಬೇಕು. ಒಂದೇ ಒಂದು ತಂಬಿಗೆ ಬೋರಲಿದ್ದರೂ ಅಜ್ಜಾರು ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬೋರಲಾಗುತ್ತಿದ್ದದ್ದು ಪಂಪಣ್ಣನ ತಂಬಿಗೆ. ಅದರ ಅಂಚು ಸವೆದು ಹೊಳೆಯುತ್ತಿತ್ತು.

ಅವತ್ತೂ ಅವನು ಬೋರಲು ಹಾಕಿದ.

"ಅಜ್ಜಾರ, ಡೌಟ್ ಅಂದ್ರೂ ಅನುಮಾನ, ಸಸ್ಪೆಕ್ಟ್ ಅಂದ್ರೂ ಅನುಮಾನ. ಒಂದರ ಜಾಗದಾಗ ಇನ್ನೊಂದು ಹಾಕಿದ್ರ ನಡೀತದೇನ್ರಿ?"

"ಹಾಕಿ ನೋಡು. ಬೀಗರು ಬರೂದು ಡೌಟ್ ಅಂದ್ರ ಏನು?"

"ಬರೂದಿಲ್ಲೇನೋ ಅಂತ್ರಿ."

"ಬೀಗರು ಬರ್ತಾರಂತ ಸಸ್ಪೆಕ್ಟ್ ಮಾಡ್ತೀನಿ ಅಂದ್ರ?"

"ಬಂದಾರೇನೋ ಅಂತ್ರಿ."

"ಮತ್ತ? ಮೊದಲಿಂದಕ್ಕ ಒಲಿ ಆರಸ್ತಿ. ಎರಡನೇದಕ್ಕ ಪಾವು ಅಕ್ಕಿ ಹೆಚ್ಚಿಗಿ ಇಡ್ತಿ."

ಕೂತವರೆಲ್ಲ ನಕ್ಕರು. ಪಂಪಣ್ಣ ನಗಲಿಲ್ಲ.

"ಅದು ಅಡುಗಿಮನಿ ಫರಕು ಆತ್ರಿ. ಮನಸ್ಸಿನೊಳಗ ಎರಡೂ ಒಂದೇ ಅಲ್ಲೇನ್ರಿ?"

ಅಜ್ಜಾರು ಉತ್ತರ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಹರಿಗೋಲಿನಿಂದ ಒಬ್ಬ ಹೆಂಗಸು ಇಳಿದು ಬಂದು ಬೇವಿನ ಮರದ ಕೆಳಗೆ ನಿಂತಳು. ಅಜ್ಜಾರು ಅವಳ ಮುಖ ನೋಡಿದರು. ಎದ್ದರು. ಅವಳನ್ನು ಕರೆದುಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಮುಚ್ಚಿತು.

ಪಂಪಣ್ಣನ ತಂಬಿಗೆ ಬೋರಲೇ ಇತ್ತು.

ಮೀಸೆ ಮೂಡುವ ಮೊದಲೇ ಅವನು ಆ ಆಶ್ರಮಕ್ಕೆ ಬಂದವನು. ಅಜ್ಜಾರು ಹೀಗೆ ಎದ್ದು ಹೋದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಬಹಳ ಹೊತ್ತು ಕಾದ. ಕೊನೆಗೆ ತಂಬಿಗೆಯನ್ನು ತಾನೇ ನೆಟ್ಟಗೆ ಮಾಡಿಟ್ಟು ಎದ್ದ.

"ಯಾರಪಾ ಆಕಿ?" ಎಂದು ಹರಿಗೋಲಿನ ಕಾಡಪ್ಪನನ್ನು ಕೇಳಿದ.

"ಹುಲಿಗೆವ್ವ ಅಂತ. ಆಚಿ ದಂಡಿ ಊರು. ಉಳಿದದ್ದು ಆಕೀನ್ನೇ ಕೇಳು, ಇಲ್ಲಾ ನಿಮ್ಮ ಅಜ್ಜಾರನ್ನ ಕೇಳು. ನಾ ಹುಟ್ಟು ಹಾಕಾಂವ, ಸುದ್ದಿ ಹಾಕಾಂವ ಅಲ್ಲ."

ಪಂಪಣ್ಣ ಇಬ್ಬರನ್ನೂ ಕೇಳಲಿಲ್ಲ.

ಹುಲಿಗೆವ್ವ ಮರುದಿನವೂ ಬಂದಳು. ಅದರ ಮರುದಿನವೂ ಬಂದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಬರುವಳು, ಬಾಗಿಲು ಮುಚ್ಚುವುದು, ಒಳಗೆ ಸಣ್ಣ ದನಿಯಲ್ಲಿ ಮಾತು. ಅವನ ತಲೆಯಲ್ಲಿ ಹುಳ ಹೊಕ್ಕಿತು.

ಹೊಕ್ಕ ಮೇಲೆ ಅದಕ್ಕೆ ದಿನವೂ ಮೇವು ಸಿಕ್ಕಿತು. ಅವಳು ಹರಿಗೋಲು ಹತ್ತುವ ಮೊದಲು ಹೊಳೆಯಲ್ಲಿ ಮುಖ ತೊಳೆಯುತ್ತಿದ್ದಳು. ಯಾಕೆ ತೊಳೆಯಬೇಕು? ಒಂದು ದಿನ ಸೆರಗಿನಲ್ಲಿ ಸಣ್ಣ ಗಂಟು ತಂದಳು. ಹೋಗುವಾಗ ಗಂಟು ಇರಲಿಲ್ಲ. ಏನದು? ಮಾಟವೋ, ಮದ್ದೋ? ಮತ್ತೊಂದು ದಿನ ಒಳಗಿನಿಂದ ನಗು ಕೇಳಿತು. ಅಳುವೂ ಇರಬಹುದು. ಪಂಪಣ್ಣ ಅದನ್ನು ನಗುವೆಂದೇ ತಿಳಿದ.

"ಏನಪಾ ಪಂಪಣ್ಣ, ಸಾರು ಉಕ್ಕಿದ್ರೂ ನಿನ್ನ ಕಣ್ಣು ಆ ಬಾಗಲದ ಮ್ಯಾಲೇ ಐತಿ," ಎಂದ ಕಾಡಪ್ಪ. "ಕಾವಲಿಗಿ ಪಗಾರ ಎಷ್ಟು ಕೊಡ್ತಾರು?"

"ನಿನ್ನ ಹುಟ್ಟು ನೀ ಹಾಕು."

ಪಾಠ ನಡೆದೇ ಇತ್ತು. ಪಂಪಣ್ಣನ ತಂಬಿಗೆ ನೆಟ್ಟಗೆ ಕೂತಿರುತ್ತಿತ್ತು.

ಆಶ್ರಮದ ಕಾಳುಕಡಿ ನೋಡಿಕೊಳ್ಳುತ್ತಿದ್ದವರು ಊರ ಹಿರಿಯರಾದ ದ್ಯಾವನಗೌಡರು. ಜೋಳದ ಚೀಲ ಇಳಿಸಲು ಅವರು ಬಂದ ದಿನ ಪಂಪಣ್ಣ ಅವರನ್ನು ಮರೆಗೆ ಕರೆದ.

"ನಾ ಏನೂ ಅನ್ನಂಗಿಲ್ರಿ, ಗೌಡ್ರ. ನೋಡಿದ್ದಷ್ಟು ಹೇಳ್ತೀನಿ. ದಿನಾ ಬರ್ತಾಳ್ರಿ. ಬಾಗಲಾ ಮುಚ್ಚತೈತಿ."

"ಹೊಳಿ ಗಾಳಿ, ಮುಚ್ಚಿರಬೇಕು. ಚಿಲಕ ಹಾಕ್ಕೋತಾರೇನು?"

ಕಬ್ಬಿಣಕ್ಕೆ ಕಬ್ಬಿಣ ತಾಗುವ ಆ ಸದ್ದು ಪಂಪಣ್ಣನ ಕಿವಿಯಲ್ಲಿ ಇನ್ನೂ ಇತ್ತು.

"ಹಾಕ್ಕೋತಾರ್ರಿ. ನನ್ನ ಕಿವೀಲೆ ಕೇಳೀನಿ."

ಗೌಡರು ಹೆಗಲ ಮೇಲಿನ ವಲ್ಲಿಯನ್ನು ಕೊಡವಿ ಮತ್ತೆ ಹಾಕಿಕೊಂಡರು. "ಅಜ್ಜಾರ ಹೆಸರು ಕೆಡಬಾರದು," ಎಂದರು.

ಮರುದಿನ ಅವರೇ ಹೊಳೆದಂಡೆಯಲ್ಲಿ ನಿಂತು ಹುಲಿಗೆವ್ವನನ್ನು ತಡೆದರು. ಇನ್ನು ಬರಬೇಡವ್ವ ಎಂದರು. ಅವಳು ಯಾಕೆಂದು ಕೇಳಲಿಲ್ಲ. ಆಶ್ರಮದ ಕಡೆ ಒಮ್ಮೆ ನೋಡಿ, ಬಂದ ಹರಿಗೋಲಿನಲ್ಲೇ ತಿರುಗಿ ಹೋದಳು. ಬೇವಿನ ಮರದ ಹಿಂದೆ ನಿಂತು ಪಂಪಣ್ಣ ನೋಡಿದ. ಅವಳು ಆ ದಿನ ಮುಖ ತೊಳೆಯಲಿಲ್ಲ.

ಅಜ್ಜಾರ ಕೋಣೆಯ ಬಾಗಿಲು ಸಂಜೆಯವರೆಗೂ ತೆರೆದೇ ಇತ್ತು. ಅವರು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

ದೀಪ ಹಚ್ಚುವ ಹೊತ್ತಿಗೆ ಪಂಪಣ್ಣನನ್ನು ಒಳಗೆ ಕರೆದರು. ಅವನ ತಂಬಿಗೆಯನ್ನು ತಾವೇ ತಂದು ಅವನ ಮುಂದಿಟ್ಟರು.

"ಇದು ಭಾಳ ದಿನದಿಂದ ನೆಟ್ಟಗ ಐತಿ."

"ಕೇಳೂದು ಏನೂ ಇರಲಿಲ್ರಿ."

"ಡೌಟ್ ಇರಲಿಲ್ಲ?"

"ಇರಲಿಲ್ರಿ."

"ಹೌದು. ನಿನಗ ಡೌಟ್ ಇರಲಿಲ್ಲ," ಎಂದರು ಅಜ್ಜಾರು. "ಅವತ್ತು ನೀ ಕೇಳಿದ್ದಕ್ಕ ನಾ ಉತ್ತರಾ ಹೇಳದ ಎದ್ದು ಹೋದೆ. ಡೌಟ್ ಬಂದಾಂವ ತಂಬಿಗಿ ಬೋರಲು ಹಾಕ್ತಾನ. ಇನ್ನೊಂದು ಬಂದಾಂವ ಏನು ಮಾಡ್ತಾನ?"

ಪಂಪಣ್ಣ ತಲೆ ತಗ್ಗಿಸಿದ. ಅವನ ಕೈ ತಂಬಿಗೆಯ ಕಡೆ ಹೋಯಿತು. ಬೋರಲು ಹಾಕಿದ.

"ಆಕಿ ಯಾಕ ಬರ್ತಿದ್ಲು, ಅಜ್ಜಾರ?"

"ಇದ್ದಾಕಿ ಒಬ್ಬಳೇ ಮಗಳು. ಹೋದ ಮಳಿಗಾಲದಾಗ ಜ್ವರ ಬಂದು ತೀರಿಕೊಂಡ್ಲು. ಮನ್ಯಾಗ ಆ ಹೆಸರು ಎತ್ತಿದ್ರ ಅಪಶಕುನ ಅಂತಾರಂತ. ಇಲ್ಲಿ ಬಂದು ಹೆಸರು ಹಿಡಿದು ಮಾತಾಡ್ತಿದ್ಲು. ನಾ ಕೇಳ್ತಿದ್ದೆ. ಅಳೂದನ್ನ ಯಾರರೆ ನೋಡ್ಯಾರಂತ ಬಾಗಲಾ ಮುಂದಕ್ಕ ಎಳೀತಿದ್ಲು."

ಅಜ್ಜಾರು ಗೂಡಿನಿಂದ ಸಣ್ಣ ಗಂಟು ತೆಗೆದು ಬಿಚ್ಚಿದರು. ಒಳಗೆ ಹಸಿರು ಬಳೆಗಳು. ಎಳೆಯ ಕೈಯ ಅಳತೆಯವು.

"ಹೊಳಿಗಿ ಬಿಡಾಕ ಕೈ ಬರವಲ್ದು ಅಂದ್ಲು. ಮನಸ್ಸು ಗಟ್ಟಿ ಆಗೂಮಟ ಇಲ್ಲೇ ಇರಲಿ ಅಂದೆ."

ಪಂಪಣ್ಣನಿಗೆ ಬಳೆಗಳನ್ನು ನೋಡುವುದಾಗಲಿಲ್ಲ.

"ನಾಳೆ ಮೊದಲನೇ ಹರಿಗೋಲಿಗೆ ಹೋಗ್ತೀನ್ರಿ. ಕಾಲು ಹಿಡಿದು ಕರಕೊಂಡು ಬರ್ತೀನಿ."

"ಬರ್ತಾಳೋ ಇಲ್ಲೋ. ಗೌಡಗ ಏನು ಹೇಳಿದಿ?"

"ಕೇಳಿದ್ದಷ್ಟು ಹೇಳೀನ್ರಿ. ಒಳಗಿಂದ ಚಿಲಕ ಹಾಕ್ಕೋತಾರ ಅಂದೆ. ನಾ ಮಾಡಿದ್ದು ತಪ್ಪು, ಅಜ್ಜಾರ. ಆದ್ರ ಅದೊಂದು ಸುಳ್ಳಲ್ರಿ. ಸದ್ದು ಕೇಳಿತ್ತು."

ಅಜ್ಜಾರು ದೀಪ ಎತ್ತಿಕೊಂಡು ಬಾಗಿಲ ಹತ್ತಿರ ಹೋದರು. ಬೆಳಕನ್ನು ಹಲಗೆಯ ಸಮೀಪ ಹಿಡಿದರು. ಅಲ್ಲಿ ಮೊಳೆ ಇದ್ದ ತೂತುಗಳು ಮಾತ್ರ ಇದ್ದವು.

"ಅಡುಗಿಮನಿಗಿ ನೀ ಕೂಡಿಸಿದ ಚಿಲಕ ಈ ಬಾಗಲದ್ದು, ಪಂಪಣ್ಣ."