ಹರಿಗೋಲಿನಲ್ಲಿ ಎರಡು ಹುಟ್ಟು

"ಗುರುಗಳೇ, ನಾನೂ ಮೈಮುರಿದು ದುಡಿಯುತ್ತೇನೆ, ನನ್ನ ಜೊತೆಯ ಶಿಷ್ಯ ರಾಚಯ್ಯನೂ ದುಡಿಯುತ್ತಾನೆ. ಆದರೂ ಮಠದ ದಾಸೋಹದ ಮನೆ ಮೊಣಕಾಲೆತ್ತರ ಬಿಟ್ಟು ಮೇಲೇಳುತ್ತಿಲ್ಲ. ನಾನು ಇಡಿಸಿದ ಕಲ್ಲನ್ನು ಅವನು ಕೀಳಿಸುತ್ತಾನೆ, ಅವನು ಇಡಿಸಿದ್ದನ್ನು ನಾನು ಕೀಳಿಸುತ್ತೇನೆ. ಹೀಗೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನ ಹೆಂಡತಿಗೆ ಒಬ್ಬನೇ ತಮ್ಮ, ಅವನು ರೈತ. ಭಾವ, ಭಾಮೈದ ಇಬ್ಬರಿಗೂ ಮೀನು ಹಿಡಿಯುವ ಹುಚ್ಚು. ಉಳಿದ ವಿಷಯಗಳಲ್ಲಿ ಇಬ್ಬರೂ ಸತ್ಯವಂತರೇ. ಯಾರ ಗಾಳಕ್ಕೆ ದೊಡ್ಡ ಮೀನು ಬಿತ್ತು ಎಂಬಲ್ಲಿ ಮಾತ್ರ ಇಬ್ಬರನ್ನೂ ನಂಬುವಂತಿರಲಿಲ್ಲ.

ಒಮ್ಮೆ ಅವರು ಕಾಡಿನೊಳಗಿನ ದೊಡ್ಡ ಕೆರೆಗೆ ಹೋದರು. ಕೆರೆಯ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಒಂದು ಗುಡಿಸಲು. ದಡದ ಅಂಬಿಗನಿಂದ ಹರಿಗೋಲು ಇಸಕೊಂಡರು. ಹೋಗುವಾಗ ಹುಟ್ಟು ಹಾಕಿದವನು ರೈತ. ವ್ಯಾಪಾರಿ ಕಾಲು ಚಾಚಿ ಕೂತು ದಾರಿಯುದ್ದಕ್ಕೂ ಅವನನ್ನು ಆಡಿಕೊಂಡ.

ಮರುದಿನ ಮಧ್ಯಾಹ್ನ, ಗುಡಿಸಲಿನ ಸೂರಿಗೆ ಸಿಕ್ಕಿಸಿದ್ದ ಗಾಳದ ಕೋಲು ತೆಗೆಯಲು ರೈತ ಕೈ ಹಾಕಿದ. ಹುಲ್ಲಿನಲ್ಲಿದ್ದ ನಾಗರಹಾವು ಎಡಗೈಗೆ ಕಚ್ಚಿತು.

ವ್ಯಾಪಾರಿ ದಡದತ್ತ ನೋಡಿದ. ದಡ ಮುಟ್ಟಿದರೆ ಜೀಪು ಸಿಗುತ್ತದೆ, ಜೀಪು ಸಿಕ್ಕರೆ ಆಸ್ಪತ್ರೆ. ಮುಟ್ಟದಿದ್ದರೆ ಹೆಂಡತಿಗೆ ಏನೆಂದು ಹೇಳುವುದು? ಭಾಮೈದನನ್ನು ಹರಿಗೋಲಿನಲ್ಲಿ ಕೂರಿಸಿ, "ಅಲುಗಾಡಬೇಡ, ವಿಷ ಏರುತ್ತೆ" ಎಂದು ತಾನೇ ಹುಟ್ಟು ಹಿಡಿದ.

ಹರಿಗೋಲು ಎಂದರೆ ಒಂದು ದೊಡ್ಡ ಬುಟ್ಟಿ. ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಒಬ್ಬ ಕೂತು ಎದುರಿನ ನೀರನ್ನು ತನ್ನತ್ತ ಎಳೆದುಕೊಂಡರೆ ಆ ಕಡೆಗೆ ಸಾಗುತ್ತದೆ. ವ್ಯಾಪಾರಿ ಎಳೆದ. ಓರೆಕೋರೆಯಾಗಿಯಾದರೂ ಹರಿಗೋಲು ಹೊರಟಿತು.

ರೈತನಿಗೆ ನೋಡಿಕೊಂಡು ಕೂರಲಾಗಲಿಲ್ಲ.

"ಭಾವ, ನಿಮ್ಮ ಕೈಯಲ್ಲಿ ತಕ್ಕಡಿಯೇ ನೆಟ್ಟಗೆ ನಿಲ್ಲಲ್ಲ, ಇನ್ನು ಹರಿಗೋಲು ನಿಲ್ಲುತ್ತಾ?" ಎಂದವನೇ ಎದುರು ಬದಿಯಲ್ಲಿ ಮಂಡಿಯೂರಿದ. ಇನ್ನೊಂದು ಹುಟ್ಟನ್ನು ಬಲಗೈಯಲ್ಲಿ ಹಿಡಿದು ಅವನೂ ನೀರು ಎಳೆಯತೊಡಗಿದ.

ಹರಿಗೋಲು ಇದ್ದಲ್ಲೇ ಸುತ್ತಿತು. ವ್ಯಾಪಾರಿ ಇನ್ನೂ ಜೋರಾಗಿ ಎಳೆದ. ರೈತನೂ ಬಿಡಲಿಲ್ಲ. ದಡ ಒಮ್ಮೆ ಕಣ್ಣೆದುರು ಬಂತು, ಒಮ್ಮೆ ಬೆನ್ನ ಹಿಂದೆ ಹೋಯಿತು, ಹತ್ತಿರ ಮಾತ್ರ ಬರಲಿಲ್ಲ. ರೈತನ ರೆಪ್ಪೆಗಳು ಜೋತುಬಿದ್ದವು. ನಾಲಿಗೆ ತೊದಲಿತು.

"ಕೆಳಗಿಡೋ ಅದನ್ನ, ಸಾಯ್ತೀಯ!"

"ಸತ್ತರೂ ಸರಿ... ನಿಮ್ಮ ಕೈಯಿಂದ ಉಳಿದೆ ಅಂತ ಅನ್ನಿಸ್ಕೊಳ್ಳಲ್ಲ. ಹಬ್ಬ ಹಬ್ಬಕ್ಕೂ... ಅದನ್ನೇ ಹೇಳಿ ಆಡ್ಕೊಳ್ತೀರಿ."

ವ್ಯಾಪಾರಿಯ ಕೈ ನಿಂತಿತು. ಆಡಿಕೊಳ್ಳುವ ಮಾತನ್ನು ಅವನು ಆಗಲೇ ಮನಸ್ಸಿನಲ್ಲಿ ಮಸೆದಿಟ್ಟುಕೊಂಡಿದ್ದ. ಯಾರ್ಯಾರ ಮುಂದೆ ಹೇಳಬೇಕೆಂದೂ ಲೆಕ್ಕ ಹಾಕಿದ್ದ.

"ಆಯ್ತಪ್ಪ, ನೀನೇ ದಡ ಮುಟ್ಟಿಸಿದೆ ಅಂತ ನಿಮ್ಮಕ್ಕನಿಗೆ ಹೇಳ್ತೀನಿ. ನಾನು ಹರಿಗೋಲಿನ ತಳದಲ್ಲಿ ಮುದುಡಿಕೊಂಡು ಅಳ್ತಿದ್ದೆ ಅಂತಲೂ ಹೇಳ್ತೀನಿ. ಹುಟ್ಟು ಕೊಡು."

"ಆಣೆ?"

"ನಿಮ್ಮಕ್ಕನಾಣೆ."

ರೈತನ ಬೆರಳು ಸಡಿಲವಾಯಿತು. ಹಾಗೇ ಒರಗಿಕೊಂಡ. ವ್ಯಾಪಾರಿ ಒಬ್ಬನೇ ಎಳೆದ. ಅಂಗೈ ಸುಲಿಯಿತು, ಎಳೆಯುವುದನ್ನು ನಿಲ್ಲಿಸಲಿಲ್ಲ. ಅಂಬಿಗ ಓಡಿಬಂದು ರೈತನನ್ನು ಎತ್ತಿಕೊಂಡಾಗ ಉಸಿರು ಇನ್ನೂ ಆಡುತ್ತಿತ್ತು. ಆಸ್ಪತ್ರೆಯವರು ಉಳಿಸಿಕೊಂಡರು.

ಶಿಷ್ಯ ನಕ್ಕುಬಿಟ್ಟ. "ಎಂಥ ಹುಚ್ಚು ರೈತ! ಆಮೇಲೆ ವ್ಯಾಪಾರಿ ಆಡಿದಂತೆ ನಡೆದುಕೊಂಡನೇ?"

"ನಡೆದುಕೊಂಡ. ಇವತ್ತಿಗೂ ಆ ಮನೆಯವರು ಊಟಕ್ಕೆ ಕೂತರೆ, ಹರಿಗೋಲಿನಲ್ಲಿ ಅಳುತ್ತಿದ್ದ ಭಾವನ ಕತೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ವ್ಯಾಪಾರಿಯೂ ನಗುತ್ತಾನೆ."

ಶಿಷ್ಯ ಇನ್ನೂ ನಗುತ್ತಲೇ ಇದ್ದ. ಗುರುಗಳು ಅವನ ಮುಖ ನೋಡಿ ಕೇಳಿದರು:

"ದಾಸೋಹದ ಮನೆ ಕಟ್ಟುತ್ತಿರುವವನು ರಾಚಯ್ಯನೇ ಎಂದು ನಾಳೆ ಭಕ್ತರ ಮುಂದೆ ಹೇಳುತ್ತೀಯಾ?"