ಆಮೆ ಒಪ್ಪಿಸಿದ ಪ್ರಗತಿ ವರದಿ

ಯಾವ ಕೆರೆಯೂ ಬತ್ತಬಾರದೆಂಬುದು ಕಾಡಿನ ಜಲ ಇಲಾಖೆಯ ಸುಸ್ಥಿರ ಅಭಿವೃದ್ಧಿ ಗುರಿ. ಪ್ರಗತಿ ಪರಿಶೀಲನೆಗೆ ಆನೆ ಸಾಹೇಬರು ಸಭೆ ಕರೆದರು. ಆಮೆಯ ಉಸ್ತುವಾರಿಯ ಕೆರೆಯಲ್ಲಿ ಮೀನುಗಳ ಬೆನ್ನು ಮುಳುಗುವಷ್ಟೂ ನೀರಿರಲಿಲ್ಲ.

"ಏನಯ್ಯಾ ಆಮೆ, ಹೇಗಿದೆ ನಿನ್ನ ಕೆರೆ?"

"ಗುರಿ ಮುಟ್ಟಿದ್ದೇವೆ, ಸ್ವಾಮಿ. ತುಂಬಿದೆ."

"ಭೇಷ್! ಇರುವ ಕಾಲುವೆ ನೀರು ಒಂದೇ ಕೆರೆಗೆ ಸಾಕಾಗೋದು. ಈಗಷ್ಟೇ ತನ್ನ ಕೆರೆ ಬತ್ತಿದೆ ಎಂದು ಒಪ್ಪಿಕೊಂಡ ಕಪ್ಪೆಗೇ ಬಿಡೋಣ."

ಆಮೆ ಬಾಯಿ ತೆರೆಯಿತು. ಅಷ್ಟರಲ್ಲಿ ಸಭೆ ಆಮೆಯ ಸಾಧನೆಗೆ ಚಪ್ಪಾಳೆ ತಟ್ಟತೊಡಗಿತು. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಮರಳಿ ಬಂದಾಗ ಮೀನು ಕೇಳಿತು, "ನೀರು ಬಿಡ್ತಾರಂತಾ, ಆಮೆಯಣ್ಣ?"

"ನಮ್ಮ ಕೆರೆಯನ್ನು ಬಹಳ ಹೊಗಳಿದರು ಕಣಮ್ಮ."

"ಹೊಗಳಿಕೆಯಲ್ಲಿ ಈಜೋಕಾಗುತ್ತಾ, ಅಣ್ಣ?"

ಆಮೆ ತನ್ನ ಕಾಲುಗಳನ್ನು ನೋಡಿಕೊಂಡಿತು. ಕೆರೆ ಬತ್ತಿದರೆ ತಾನು ನಡೆದಾದರೂ ಬೇರೆ ಕೆರೆ ಸೇರಬಹುದು. ಮೀನುಗಳಿಗೆ ಕಾಲಿಲ್ಲವೆಂಬುದು ಅದಕ್ಕೆ ಸಭೆಯಲ್ಲೇ ಗೊತ್ತಿತ್ತು.