ಗುಂಡಿಯಾಚೆಯ ಸಪೂರ ಅಕ್ಷರಗಳು

ಅಗೆದ ರಸ್ತೆಯ ಗುಂಡಿಯಾಚೆ ಹೊಸ ಫಲಕವೊಂದು ನಿಂತಿತ್ತು. ಅದರ ಅಕ್ಷರಗಳು ಕೂದಲೆಳೆಯಷ್ಟು ತೆಳ್ಳಗಿದ್ದು, ಎಲ್ಲವೂ ಬಲಕ್ಕೆ ವಾಲಿದ್ದವು.

ದಾರಿಯಲ್ಲಿ ಬಂದ ಎಮ್ಮೆ, "ಏನಯ್ಯಾ ಬರೆದಿದೆ? ಒಂದಕ್ಷರವೂ ಕಾಣುತ್ತಿಲ್ಲ," ಎಂದಿತು.

"ದಪ್ಪ ಅಕ್ಷರದಲ್ಲಿ ಅರಚುವುದು ಗಮಾರರ ಕೆಲಸ," ಎಂದಿತು ಫಲಕ. "ನನ್ನ ಅಕ್ಷರಗಳೆಂದರೆ ಕೈವಾರದಲ್ಲಿ ಎಳೆದ ವೃತ್ತ, ಸ್ಕೇಲಿನಲ್ಲಿ ಎಳೆದ ಗೆರೆ. ಒಂದು ಬಾಲವಿಲ್ಲ, ಒಂದು ಬಳುಕಿಲ್ಲ. ಸವಿಯಬೇಕಾದರೆ ಹತ್ತಿರ ಬಾ."

ಎಮ್ಮೆ ಅಕ್ಷರಗಳ ಮೇಲೇ ಕಣ್ಣು ನೆಟ್ಟು ನಾಲ್ಕು ಹೆಜ್ಜೆ ನಡೆದು, "ಎಚ್ಚರಿಕೆ, ಮುಂದೆ ಗುಂಡಿ ಇದೆ" ಎಂದು ಓದಿ ಮುಗಿಸುವಷ್ಟರಲ್ಲಿ ದೊಪ್ಪನೆ ಒಳಗೆ ಬಿತ್ತು.

ಅಲ್ಲಿ ಮೊದಲೇ ಬಿದ್ದು ಕಾಲು ಮುರಿದುಕೊಂಡಿದ್ದ ಕತ್ತೆಯೊಂದು ಫಲಕವನ್ನೇ ನೋಡುತ್ತಾ ಮಲಗಿತ್ತು.

"ನೀನೂ ಓದಲು ಹೋಗಿ ಬಿದ್ದೆಯಾ?" ಎಂದು ನರಳಿತು ಎಮ್ಮೆ.

"ಛೆ, ಓದುವುದಕ್ಕೆ ಯಾರು ಹೋದರು?" ಎಂದಿತು ಕತ್ತೆ. "ನಾನು ಮೆಚ್ಚುತ್ತಾ ಬಿದ್ದೆ."